ಮಲ್ಲಪ್ಪ ನೀರು ಹೊತ್ತ ತಪಸ್ಸು ಕಾಲ

ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ನಮ್ಮ ಓನರ್ ರಂಗಮ್ಮನವರ ಮರದ ಹಣ್ಣು. "ಉದುರಿ ಹಾಳಾಯ್ತದೆ, ತಗಂಡೋಗು" ಅಂತ ಅವರೇ ಒಂದು ಚೀಲ ಕೊಟ್ಟಿದ್ದರು. ವರ್ಷಕ್ಕಾಗುವಷ್ಟು ಹುಳಿ ಮನೆಗೇ ಬಂತಲ್ಲ, ದೇವರಿಗೆ ಸ್ತೋತ್ರ ಅಂದುಕೊಂಡು ಬಾಗಿಲಲ್ಲಿ ಗೋಣಿ ಹಾಸಿ ಕುಟ್ಟುತ್ತಿದ್ದೆ. ಕೈಯೆಲ್ಲ ಅಂಟು. ತಲೆ ಎತ್ತಿ ನೋಡಿದರೆ ಪಕ್ಕದ ರೂಮಿನ ನಿಂಗಮ್ಮ ನಿಂತಿದ್ದಾಳೆ. ನಮಗೂ ಅವಳಿಗೂ ಮಾತು ನಿಂತು ಒಂದು ತಿಂಗಳಾಗಿತ್ತು.

"ಯಕ್ಕಾ," ಅಂದಳು. ಕೈಯಲ್ಲಿ ಫೋನಿತ್ತು. "ನಮ್ಮವ್ರು ಫ್ಯಾಕ್ಟರಿಯಿಂದ ಫೋನ್ ಮಾಡ್ಯಾರ. ಅಣ್ಣಾರ ಕೈ ಪ್ರೆಸ್ಸಿನ್ಯಾಗ ಸಿಕ್ಕದಂತ. ನಡೀರಿ, ಆಸ್ಪತ್ರಿಗೆ ಹೋಗಾಮು."

ಇದೆಲ್ಲ ಈಗ ಹಳೇ ಮಾತು. ಮೊನ್ನೆ ದಾಸರಹಳ್ಳಿಯಿಂದ ಮಾಕಳಿಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬರು ನಿಂತಿದ್ದರು. ಶಿಫ್ಟು ಮುಗಿಸಿ ಬಂದವರಿರಬೇಕು. ಅವರ ಅಂಗಿಯಿಂದ ಪ್ರೆಸ್ ಶಾಪಿನ ಎಣ್ಣೆ ವಾಸನೆ ಬಂತು. ಸುಟ್ಟ ಎಣ್ಣೆ, ಕಬ್ಬಿಣದ ಪುಡಿ, ಬೆವರು ಎಲ್ಲ ಬೆರೆತ ವಾಸನೆ. ಎಷ್ಟು ಸೋಪು ತಿಕ್ಕಿದರೂ ನಮ್ಮನೆಯವರ ಬಟ್ಟೆಯಿಂದ ಹೋಗದೇ ಇದ್ದ ವಾಸನೆ ಅದು. ಮೂಗು ಮುಚ್ಚಿಕೊಳ್ಳುವ ಬದಲು ನಾನು ಇನ್ನೊಂದು ಸಲ ಉಸಿರು ಎಳೆದುಕೊಂಡೆ. ಮಾದಾವರ ದಾಟಿ ನನ್ನ ಸ್ಟಾಪು ಬರುವಷ್ಟರಲ್ಲಿ ಆ ಒಂದು ತಪಸ್ಸು ಕಾಲ, ಈಸ್ಟರಿಗೆ ಮುಂಚಿನ ನಮ್ಮ ನಲವತ್ತು ದಿನದ ವ್ರತದ ಕಾಲ, ಪೂರಾ ಕಣ್ಣ ಮುಂದೆ ಬಂದಿತ್ತು.

ಬೆಂಗಳೂರಿಗೆಲ್ಲ ನೀರಿನ ಬರ ಬಂದ ವರ್ಷ ಅದು. ನಮ್ಮದು ರಂಗಮ್ಮನವರ ಸಾಲುಮನೆ. ಅವರ ರಾಗಿ ಹೊಲ ಇದ್ದ ಜಾಗದಲ್ಲಿ ಕಟ್ಟಿಸಿದ ರೂಮುಗಳು, ಎಲ್ಲಾ ಪೀಣ್ಯದ ಕಾರ್ಖಾನೆಗಳ ಕೆಲಸಗಾರರೇ. ಬೋರ್‌ವೆಲ್ ಕೆಮ್ಮಿ ಕೆಮ್ಮಿ ಜನವರಿಯಲ್ಲೇ ನಿಂತಿತ್ತು. ಟ್ಯಾಂಕರ್ ಬಂದ ದಿನ ಹಬ್ಬ, ಬರದ ದಿನ ಜಗಳ. ಅಂಥ ಒಂದು ದಿನ ನಿಂಗಮ್ಮನ ಗಂಡ ಮಲ್ಲಪ್ಪ, ಸಾಲಿನಲ್ಲಿ ಮುಂದಿದ್ದ ನಮ್ಮ ತುಂಬಿದ ಡ್ರಮ್ಮನ್ನು ಕಾಲಿನಿಂದ ಒದ್ದು ಉರುಳಿಸಿದ. ನೀರು ಮೋರಿಗೆ ಹರಿದು ಹೋಯಿತು. ಆವತ್ತು ಮಕ್ಕಳಿಗೆ ಸ್ನಾನವಿಲ್ಲ. ಮಾತು ನಿಂತಿದ್ದು ಆವತ್ತೇ.

ಅವರು ಯಾದಗಿರಿ ಕಡೆಯವರು. ಮಲ್ಲಪ್ಪ ನಮ್ಮನೆಯವರ ಜೊತೆ ಒಂದೇ ಶಾಪಿನಲ್ಲಿ, ಪಕ್ಕದ ಪ್ರೆಸ್ಸಿನಲ್ಲೇ ಕೆಲಸಕ್ಕಿದ್ದ. ಆ ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ, ಅಂದರೆ ತಗಡು ಒತ್ತುವ ಕಬ್ಬಿಣದ ಅಚ್ಚು, ಕೆಳಗಿಳಿಯುತ್ತೆ. ಎರಡೂ ಕೈ ಬಟನ್ ಮೇಲಿದ್ದರೆ ಡೈಯೊಳಗೆ ಇರಲ್ಲ ಅನ್ನೋದು ಅದರ ಲೆಕ್ಕ. ಆದರೆ ಹಾಗೆ ಮಾಡಿದರೆ ಟಾರ್ಗೆಟ್ ಮುಟ್ಟಲ್ಲ. ಅದಕ್ಕೆ ಹುಡುಗರೆಲ್ಲ ಒಂದು ಬಟನ್ನಿಗೆ ಸೈಕಲ್ ಟ್ಯೂಬು ಬಿಗಿದು ಕಟ್ಟಿಬಿಡುವರು. ಆಮೇಲೆ ಒಂದು ಕೈಯಲ್ಲಿ ಒತ್ತುತ್ತಾ, ಇನ್ನೊಂದು ಕೈಯಲ್ಲಿ ತಗಡು ತೂರಿಸುತ್ತಾ ಸರಸರ ಹೊಡೆಯುವರು. ಪೀಣ್ಯದಲ್ಲಿ ಇದು ಗೊತ್ತಿಲ್ಲದವರಿಲ್ಲ. ಸೂಪರ್‌ವೈಸರಿಗೂ ಗೊತ್ತು. ಸಾಹೇಬರು ಬಂದಾಗ ಮಾತ್ರ ಬಿಚ್ಚಿಡುವರು.

ನಮ್ಮನೆಯವರು, ಅಂದರೆ ಚೌರಪ್ಪ, ಕಟ್ಟುತ್ತಿರಲಿಲ್ಲ. ಭಯಸ್ಥರು, ಬೇರೇನಿಲ್ಲ. ಅದಕ್ಕೆ ಮಲ್ಲಪ್ಪ ಗೇಲಿ ಮಾಡುವನಂತೆ: "ಚೌರಣ್ಣ, ಎರಡೂ ಕೈ ಇಟ್ಕೊಂಡು ಜಪ ಮಾಡ್ತೀಯೇನೋ? ನಿಮ್ಮ ದೇವ್ರು ಮೊಳಿ ಹೊಡಿಸ್ಕೊಂಡು ಸುಮ್ನ ಅದಾನ, ನೀನೂ ಹಂಗ ಅದಿ." ಇವರು ಮನೆಗೆ ಬಂದು ಅದನ್ನು ನನಗೆ ಹೇಳಿ ತಾವೇ ನಗುವರು. ನನಗೆ ಮೈಯೆಲ್ಲ ಉರಿಯೋದು.

ಆವತ್ತು ಆಗಿದ್ದು ಇಷ್ಟು. ಮಲ್ಲಪ್ಪನ ಡೈಯೊಳಗೆ ಒಂದು ಪೀಸು ಸಿಕ್ಕಿಹಾಕಿಕೊಂಡಿತು. ಮಿಷನ್ ಆಫ್ ಮಾಡದೆ ಅವನು ಬಗ್ಗಿ ಕೈ ಹಾಕಿ ಎಳೆಯಲು ಹೋದ. ಬಗ್ಗಿದ ಭರಕ್ಕೆ ಅವನ ಎದೆ ಇನ್ನೊಂದು ಬಟನ್ನಿಗೆ ತಗುಲುವುದನ್ನು ಪಕ್ಕದಿಂದ ಇವರು ಕಂಡರು. ಕೂಗುವಷ್ಟು ಹೊತ್ತಿರಲಿಲ್ಲ. ಕೈ ಹಾಕಿ ಅವನ ಕೈಯನ್ನು ಆಚೆ ತಳ್ಳಿದರು. ಅವನ ಕೈ ಆಚೆ ಬಂತು. ಇವರದು ಬರಲಿಲ್ಲ.

ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಅಂಗೈ ಉಳೀತು. ಡಾಕ್ಟರಮ್ಮ ಒಳ್ಳೆಯವರು ಸಿಕ್ಕರು, ಕೀವು ಆಗಲಿಲ್ಲ. ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಿಗೆ ನಿಂಗಮ್ಮ ಹಿಂದಿರುಗಿ ಬಂದು ಅವರಿಗೆ ಊಟ ಹಾಕಿದ್ದಳು. ಇವನ್ನೆಲ್ಲ ಎಣಿಸಿ ದೇವರಿಗೆ ಸ್ತೋತ್ರ ಹೇಳಬೇಕು ಅಂತ ಗೊತ್ತಿತ್ತು, ಹೇಳಿದೆ ಕೂಡ. ಆದರೆ ಬ್ಯಾಂಡೇಜು ನೋಡಿದಾಗೆಲ್ಲ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು.

"ಯಾರಿಗೆ ಬೇಕಾದ್ರೂ ಮಾಡಿ, ಬೇಡ ಅನ್ನಲ್ಲ. ಅವ್ನಿಗೆ ಯಾಕ್ರೀ?"

ಇವರು ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಸರಿಸಿಟ್ಟುಕೊಂಡರು. "ಯೋಚ್ನೆ ಮಾಡಿದ್ರೆ ಹಾಕ್ತಿರ್ಲಿಲ್ಲವೇನೋ ಕಣೆ. ಕೈ ಹೋಯ್ತು ಅಷ್ಟೆ," ಅಂದರು. ಆಮೇಲೆ, "ನನ್ನನ್ನ ದೊಡ್ಡ ಸಂತ ಮಾಡ್ಬೇಡ. ನೋವು ತಡೆಯಕ್ಕಾಗ್ತಿಲ್ಲ, ಮಾತ್ರೆ ಕೊಡು."

ಆಸ್ಪತ್ರೆಗೇ ಸೂಪರ್‌ವೈಸರ್ ಬಂದಿದ್ದ. ಟ್ಯೂಬು ಕಟ್ಟಿದ್ದು ಯಾರು ಅಂತ ಕೇಳಿದ. ಮಲ್ಲಪ್ಪ ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದ. ಇವರು, "ಎಲ್ಲಾರೂ ಕಟ್ತಾರೆ ಸಾರ್, ನೀವೂ ನೋಡಿದ್ದೀರ. ಈಗ ಒಬ್ಬನ ಹೆಸರು ಹೇಳು ಅಂದ್ರೆ ಹೆಂಗೆ? ಎಲ್ಲಾ ಮಿಷನ್ನಿಂದಲೂ ಬಿಚ್ಚಿಸಿ," ಅಂದರು. ಸೂಪರ್‌ವೈಸರ್ ಮತ್ತೆ ಕೇಳಲಿಲ್ಲ. ಮಾರನೇ ದಿನ ಶಾಪಿನಲ್ಲಿ ಟ್ಯೂಬುಗಳೆಲ್ಲ ಹೋದವಂತೆ. ಟಾರ್ಗೆಟ್ಟೂ ಸ್ವಲ್ಪ ಇಳಿಸಿದರಂತೆ. ಇದೂ ಒಂದು ಕೃಪೆ ಅಂತ ಲೆಕ್ಕಕ್ಕೆ ಸೇರಿಸಿಕೊಂಡೆ.

ಇವರು ಮನೆಗೆ ಬಂದ ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಡ್ರಮ್ ತುಂಬಿದೆ. ನಮ್ಮ ಸಾಲಿಗೆ ಆವತ್ತು ಟ್ಯಾಂಕರ್ ಬರುವ ದಿನವೇ ಅಲ್ಲ. ಮಲ್ಲಪ್ಪ ಕಾರ್ಖಾನೆಯ ಕಡೆ ಎಲ್ಲೋ ಹೋಗಿ, ಬೈಕಿಗೆ ಎರಡೂ ಕಡೆ ಕೊಡ ಕಟ್ಟಿಕೊಂಡು ತಂದು ಸುರಿದಿದ್ದ. ಅದರ ಮಾರನೇ ದಿನವೂ ಹಾಗೇ. ಆಮೇಲೆ ಸಿಲಿಂಡರ್ ಹೊತ್ತು ತಂದ. ಇವರ ಬಟ್ಟೆ ಒಗೆಯುತ್ತೇನೆ ಅಂತ ಕೂತ, ನಾನು ಕಿತ್ತುಕೊಂಡೆ. ಡ್ರೆಸ್ಸಿಂಗಿಗೆ ಆಸ್ಪತ್ರೆಗೆ ಬೈಕಿನಲ್ಲಿ ಅವನೇ ಕರೆದುಕೊಂಡು ಹೋಗುವನು. ನಿಂಗಮ್ಮ ಜೋಳದ ರೊಟ್ಟಿ ಬಡಿದು ಕಳಿಸುವಳು. ಬಂದವನು ಒಳಗೆ ಮಾತ್ರ ಬರಲ್ಲ. ಕೂರಲ್ಲ. ಇವರ ಮುಖ ನೋಡಲ್ಲ. ಟೀ ಕೊಟ್ಟರೆ "ಬ್ಯಾಡ್ರಿ" ಅಂದು ಮತ್ತೇನಾದರೂ ಕೆಲಸ ಉಂಟಾ ಅಂತ ಸುತ್ತ ನೋಡುವನು.

ರಂಗಮ್ಮನವರು ಒಂದು ದಿನ ಬಾಡಿಗೆ ನೆಪದಲ್ಲಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನ್ ಲೂರ್ದಮ್ಮ, ನಿನ್ ಗಂಡ ಮೂರು ಬೆಳ್ಳು ಕೊಟ್ಟು ಒಬ್ಬ ಆಳು ತಂದವ್ನೆ. ವ್ಯಾಪಾರ ವಾಸಿ ಕಣಮ್ಮ. ನಮ್ಗೂ ಅಂಗೆ ಒಬ್ಬ ಸಿಕ್ರೆ ತೋಟಕ್ಕೆ ನೀರ್ ಕಟ್ಟಿಸ್ಬೋದಿತ್ತು."

ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಇವರು ನಗಲಿಲ್ಲ. ಸಂಜೆ ಮಲ್ಲಪ್ಪ ಕೊಡ ಇಳಿಸುತ್ತಿದ್ದಾಗ ಕರೆದು ಕೇಳಿದರು. "ಮಲ್ಲಪ್ಪ, ನಾನೇನು ಬೆರಳು ಮಾರಾಟಕ್ಕೆ ಇಟ್ಟಿದ್ನಾ?"

ಅವನು ತಲೆ ಬಗ್ಗಿಸಿದ.

"ದಿನಾ ಬಂದು ಕಂತು ಕಟ್ತಾ ಇದ್ದೀಯಲ್ಲ. ಎಷ್ಟು ವರ್ಷ ಕಟ್ತೀಯ? ಸಾಕು ಮಾಡಪ್ಪ. ಬಂದ್ರೆ ಸುಮ್ನೆ ಬಾ, ಕೂತ್ಕೋ, ಟೀ ಕುಡಿ, ಹೋಗು."

"ಅದು ನನ್ನಿಂದ ಆಗಂಗಿಲ್ಲರಿ ಅಣ್ಣಾ," ಅಂದ ಮಲ್ಲಪ್ಪ. ಅಷ್ಟು ದಿನದಲ್ಲಿ ಅವನು ಆಡಿದ ದೊಡ್ಡ ಮಾತು ಅದೇ. ಕೊಡ ತಗೊಂಡು ಹೊರಟುಹೋದ.

ತಪಸ್ಸು ಕಾಲದ ಶುಕ್ರವಾರಗಳಲ್ಲಿ ನಮ್ಮ ಚರ್ಚಿನಲ್ಲಿ ಶಿಲುಬೆ ಹಾದಿ ನಡೆಯುತ್ತೆ. ಗೋಡೆಯ ಮೇಲಿನ ಹದಿನಾಲ್ಕು ಚಿತ್ರಗಳ ಮುಂದೆ ಒಂದೊಂದಾಗಿ ನಿಂತು, ಮೊಣಕಾಲೂರಿ, ಯೇಸುಸ್ವಾಮಿಯ ಪಾಡನ್ನು ಧ್ಯಾನಿಸೋದು. ನಮ್ಮದು ಸಣ್ಣ ಚರ್ಚು, ಮೇಲೆ ಶೀಟು, ಮಾರ್ಚಿನ ಬಿಸಿಲಿಗೆ ಒಳಗೆ ಕಾವಲಿ ಕಾದ ಹಾಗೆ ಕಾಯುತ್ತಿತ್ತು. ಸ್ವಾಮಿಯನ್ನು ಶಿಲುಬೆಗೆ ಜಡಿಯುವ ಚಿತ್ರದ ಮುಂದೆ ಮೊಣಕಾಲೂರಿದೆ. ಆ ಕೈಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆವತ್ತು ಬೇರೆ ಥರ ಕಂಡವು. ನಮ್ಮನೆಯವರು ಯೋಚನೆ ಮಾಡದೆ ಕೈ ಹಾಕಿದರು, ಮಾಡಿದ್ದರೆ ಹಾಕುತ್ತಿರಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಸ್ವಾಮಿ ಮಾತ್ರ ಯೋಚನೆ ಮಾಡಿ ಕೈ ಹಾಕಿದವರು. ಯಾರಿಗೋಸ್ಕರ ಅಂತ ಗೊತ್ತಿದ್ದೇ ಹಾಕಿದವರು. ಡ್ರಮ್ಮು ಒದೆಯುವವನು ಗೊತ್ತಿತ್ತು, ಅವನನ್ನು ಒಳಗೊಳಗೇ ಶಪಿಸುವ ನಾನೂ ಗೊತ್ತಿತ್ತು. ನಾವು ಒಳ್ಳೆಯವರಾದ ಮೇಲೆ ನೋಡೋಣ ಅಂತ ಅವರು ಕಾಯಲಿಲ್ಲ. ಕಾದಿದ್ದರೆ ಇವತ್ತಿಗೂ ಕಾಯುತ್ತಲೇ ಇರುತ್ತಿದ್ದರು.

ಆವತ್ತು ಸಂಜೆ ಮಲ್ಲಪ್ಪ ಬಂದಾಗ ಟೀ ಕೊಡುತ್ತಾ ನಾನೇ "ತಗೋಪ್ಪ" ಅಂದೆ. ಅವನು ತಗೊಳ್ಳಲಿಲ್ಲ. ಪ್ರೀತಿ ಕೊಡೋದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಸುಮ್ಮನೆ ತಗೊಳ್ಳೋದು ಅದಕ್ಕಿಂತ ಕಷ್ಟ ಅಂತ ನನಗೆ ತಿಳಿದಿದ್ದು ಆ ಮನುಷ್ಯನನ್ನು ನೋಡಿ.

ಗರಿಗಳ ಭಾನುವಾರ, ಅಂದರೆ ಈಸ್ಟರಿನ ಹಿಂದಿನ ಭಾನುವಾರ, ಕಳೆದ ಮೇಲೆ ನಿಂಗಮ್ಮ ನನ್ನ ಹತ್ತಿರ ಬಂದು ಕೂತಳು. ಟ್ಯಾಂಕರಿಗೆ ಕಾಯುತ್ತಿದ್ದೆವು. "ಯಕ್ಕಾ, ನಾವು ಊರಿಗೆ ಹೊಂಟೀವಿ. ಶುಕ್ರವಾರದ ಬಸ್ಸಿಗೆ," ಅಂದಳು.

"ಹಬ್ಬಕ್ಕಾ?"

"ಇಲ್ಲರಿ. ಪೂರಾ. ರಾತ್ರಿ ನಿದ್ದಿ ಮಾಡಂಗಿಲ್ಲ ಅವ್ರು. ತಮ್ಮ ಕೈ ತಾವೇ ನೋಡ್ಕೋತ ಕುಂದರ್ತಾರ. ಈ ಐದು ಬಳ್ಳು ನನ್ನವಲ್ಲ ಅಂತಾರ. ಇಲ್ಲಿದ್ರ ಹುಚ್ಚ ಹಿಡೀತದ ಅವ್ರಿಗೆ." ಅವಳ ಕಣ್ಣು ತುಂಬಿತ್ತು. "ಊರಾಗ ಏನೈತ್ರಿ? ಹೊಲ ಇಲ್ಲ, ಮನಿ ಇಲ್ಲ. ಮಗಳನ್ನ ಇಲ್ಲಿ ಸಾಲಿಗಿ ಹಚ್ಚೀನಿ. ಅಣ್ಣಾರಿಗೆ ಹೇಳ್ರಿ, ಅವ್ರು ನಿಲ್ಲು ಅಂದ್ರ ನಿಲ್ತಾರ."

ಇವರಿಗೆ ಹೇಳಿದೆ. ಇವರು ಒಪ್ಪಲಿಲ್ಲ. "ನಾನು ನಿಲ್ಲು ಅಂದ್ರೆ ನಿಲ್ತಾನೆ. ಆಮೇಲೆ ಅದೂ ಒಂದು ಋಣ ಅಂತ ಇನ್ನೆರಡು ಕೊಡ ಜಾಸ್ತಿ ಹೊರ್ತಾನೆ. ಅವ್ನಿಗೇ ಅನ್ನಿಸ್ಬೇಕು ಕಣೆ." ಆದರೆ ಆ ರಾತ್ರಿ ಜಪಸರ ಹೇಳುವಾಗ ಇವರ ದನಿ ಎರಡು ಸಲ ನಿಂತಿತು. ಅವನು ಹೊರಟುಹೋದರೆ ಇವರ ಕೈ ದಂಡವಾದ ಹಾಗೆ ಅಂತ ನನಗೂ ಅನ್ನಿಸಿತು. ಬೆರಳು ಕೊಟ್ಟಿದ್ದು ಮನುಷ್ಯ ಬದುಕಲಿ ಅಂತ. ಅವನು ಅದೇ ಬೆರಳಿನ ಭಾರಕ್ಕೆ ಕುಗ್ಗಿಹೋಗುತ್ತಿದ್ದ.

ಪವಿತ್ರ ಗುರುವಾರ ಸಂಜೆಯ ಪೂಜೆಯಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಕಡೆಯ ಊಟದಲ್ಲಿ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಆ ವರ್ಷದ ಹನ್ನೆರಡರಲ್ಲಿ ನಮ್ಮನೆಯವರ ಹೆಸರೂ ಇತ್ತು. ಇದರಲ್ಲಿ ನಮ್ಮವರದೊಂದು ಪದ್ಧತಿ ಉಂಟು, ಹೇಳಿದರೆ ನಗಬೇಡಿ. ಫಾದರ್ ತೊಳೆಯುತ್ತಾರೆ ಅಂತ ಗೊತ್ತಾದ ತಕ್ಷಣ ಹನ್ನೆರಡೂ ಜನ ಮನೆಯಲ್ಲೇ ಕಾಲು ತೊಳೆದುಕೊಂಡು ಬಂದುಬಿಡುತ್ತಾರೆ. ಸುಮ್ಮನೆ ತೊಳೆಯೋದಲ್ಲ. ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ, ಪೌಡರ್ ಹಾಕಿಕೊಂಡು, ಹೊಸ ಚಪ್ಪಲಿ. ಗುರುಗಳಿಗೆ ಕೊಳಕು ಕಾಲು ಕೊಡೋದು ಹೇಗೆ ಅನ್ನೋ ಮರ್ಯಾದೆ. ನಾನೂ ಆ ನೀರಿನ ಬರದಲ್ಲಿ ಒಂದು ಬಕೆಟ್ಟು ಎತ್ತಿಟ್ಟು, ಇವರ ಕೈಗೆ ಬ್ಯಾಂಡೇಜು ಇದ್ದುದರಿಂದ ನಾನೇ ಕೂತು ಹಿಮ್ಮಡಿ ಉಜ್ಜಿದೆ. "ಫಾದರಿಗೆ ಏನೂ ಉಳಿಸ್ಬೇಡ," ಅಂತ ಇವರು ರೇಗಿಸಿದರು.

ಮಲ್ಲಪ್ಪ ಶಿಫ್ಟಿನಿಂದ ನೇರ ಬಂದು ಇವರನ್ನು ಬೈಕಿನಲ್ಲಿ ಚರ್ಚಿಗೆ ಕರೆದುಕೊಂಡು ಹೋದ. ನಾನು ಮಕ್ಕಳ ಜೊತೆ ಬಸ್ಸಿನಲ್ಲಿ ಹೋಗುವ ಹೊತ್ತಿಗೆ ಇವರು ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಮಲ್ಲಪ್ಪ ಹಿಂದಿನ ಬಾಗಿಲ ಹೊರಗೆ ಇವರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಕೆಳಗಿಡಪ್ಪ ಅಂದರೂ ಇಡಲಿಲ್ಲ.

ಹನ್ನೆರಡು ಕುರ್ಚಿಯಲ್ಲಿ ಒಂದು ಖಾಲಿ. ಇನ್ನಾಸಪ್ಪ ಅನ್ನುವವರನ್ನು ಶಿಫ್ಟಿನಿಂದ ಬಿಡಲಿಲ್ಲವಂತೆ. ಆ ಕಾಲು ತೊಳೆದ ಕಥೆಯ ಸುವಾರ್ತೆ ಓದಿ ಆಯಿತು. ಫಾದರ್ ಮೇಲಂಗಿ ತೆಗೆದು ಸೊಂಟಕ್ಕೆ ಬಿಳಿ ಟವೆಲ್ ಕಟ್ಟಿಕೊಂಡರು. ಆಗ ಇವರು ಎದ್ದು, ಬರಿಗಾಲಲ್ಲಿ ಜನರ ನಡುವೆ ನಡೆದು, ಬಾಗಿಲಿಗೆ ಹೋಗಿ ಎಡಗೈಯಿಂದ ಮಲ್ಲಪ್ಪನ ರಟ್ಟೆ ಹಿಡಿದರು. ಚರ್ಚು ಪೂರಾ ತಿರುಗಿ ನೋಡಿತು.

"ಫಾದರ್, ಇವ್ನು ನಮ್ಮ ಪಕ್ಕದ ಮನೆಯವ್ನು. ಒಂದು ಕುರ್ಚಿ ಖಾಲಿ ಇದೆಯಲ್ಲ."

ಪೂಜೆಗೆ ನೆರವಾಗುವ ಉಪದೇಶಿಗಳು ಫಾದರ್ ಕಿವಿಯ ಹತ್ತಿರ ಬಗ್ಗಿ, "ಜ್ಞಾನಸ್ನಾನ ಆಗಿಲ್ಲ ಫಾದರ್, ಕ್ರೈಸ್ತನಲ್ಲ" ಅಂದರು. ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು. ಫಾದರ್ ಸ್ವಲ್ಪ ಯೋಚಿಸಿದರು. "ಕಾಲಿಗೆ ನೀರು ಹಾಕೋದು ತಾನೆ. ಕೂತ್ಕೊಳ್ಳಲಿ," ಅಂದರು.

ಸಾಲಾಗಿ ತೊಳೆಯುತ್ತಾ ಬಂದರು. ಒಂದೊಂದು ಕಾಲಿಗೂ ಒಂದು ತಂಬಿಗೆ ನೀರು, ಒಂದು ಸಲ ಒರೆಸಿ, ಮುತ್ತಿಟ್ಟು ಮುಂದಕ್ಕೆ. ತೊಳೆದ ಕಾಲನ್ನು ತೊಳೆಯಲು ಎಷ್ಟು ಹೊತ್ತು ಬೇಕು. ಮಲ್ಲಪ್ಪನ ಹತ್ತಿರ ಬಂದಾಗ ಅವನು ಕಾಲೆರಡನ್ನೂ ಕುರ್ಚಿಯ ಕೆಳಗೆ ಎಳೆದುಕೊಂಡ. "ಬ್ಯಾಡ್ರಿ. ನನ್ನ ಕಾಲು ಮುಟ್ಟಬ್ಯಾಡ್ರಿ ನೀವು. ನಾ ಅಂಥವ ಅಲ್ಲ," ಅಂದ. ಈಗ ತಾನೆ ಓದಿದ ಸುವಾರ್ತೆಯಲ್ಲಿ ಶಿಷ್ಯ ಪೇತ್ರನೂ ಹೆಚ್ಚುಕಮ್ಮಿ ಇದೇ ಅಂದಿದ್ದ. ಮಲ್ಲಪ್ಪ ಆಗ ಹೊರಗೆ ನಿಂತಿದ್ದ. ಅವನಿಗೆ ಅದು ಯಾರೋ ಹೇಳಿಕೊಟ್ಟ ಮಾತಲ್ಲ.

ಫಾದರ್ ನೆಲದ ಮೇಲೆ ಕೂತೇಬಿಟ್ಟರು. "ಅಂಥವರ ಕಾಲೇ ತೊಳೆಯಕ್ಕೆ ಅಂತ ಹೇಳಿದ್ದು ನಮ್ಗೆ. ಈಚೆ ತಗೋಪ್ಪ," ಅಂದರು.

ಇವರು ಪಕ್ಕದ ಕುರ್ಚಿಯಲ್ಲಿ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಲ್ಲಪ್ಪ ಆ ಕೈ ನೋಡಿದ. ಆಮೇಲೆ ಇವರ ಮುಖ ನೋಡಿದ. ಅಷ್ಟು ವಾರಗಳಲ್ಲಿ ಅವನು ನೆಟ್ಟಗೆ ಇವರ ಮುಖ ನೋಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ನಿಧಾನಕ್ಕೆ ಕಾಲು ಮುಂದಕ್ಕೆ ಬಂತು.

ಆ ಕಾಲಿನಲ್ಲಿ ಇಡೀ ಪ್ರೆಸ್ ಶಾಪು ಇತ್ತು. ಎಣ್ಣೆ, ಗ್ರೀಸು, ಕಬ್ಬಿಣದ ಪುಡಿ, ಒಡೆದ ಹಿಮ್ಮಡಿಯ ಬಿರುಕಿನೊಳಗೆಲ್ಲ ಕಪ್ಪು. ಒಂದು ತಂಬಿಗೆಗೆ ಏನೂ ಆಗಲಿಲ್ಲ. ಎರಡಕ್ಕೂ ಆಗಲಿಲ್ಲ. ಫಾದರ್ ಸೋಪು ತರಿಸಿದರು. ಹಾಡುವವರು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ತಟ್ಟೆಯ ನೀರು ಕಪ್ಪಾಯಿತು, ಟವೆಲ್ ಕಪ್ಪಾಯಿತು, ಫಾದರ್ ತೋಳಿನ ಅಂಚು ಕಪ್ಪಾಯಿತು. ಆ ಕಾಲಿಗೂ ಬಗ್ಗಿ ಮುತ್ತಿಟ್ಟರು. ಅಷ್ಟು ವರ್ಷ ಆ ಪೂಜೆಗೆ ಹೋಗಿದ್ದೇನೆ, ಕಾಲು ನಿಜವಾಗಿ ತೊಳೆದಿದ್ದನ್ನು ನೋಡಿದ್ದು ಆವತ್ತೊಂದೇ ದಿನ. ಮಲ್ಲಪ್ಪ ಮುಖ ಮುಚ್ಚಿಕೊಳ್ಳಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಎರಡೂ ಕೈ ಕುರ್ಚಿಯ ಅಂಚನ್ನು ಹಿಡಿದುಕೊಂಡಿದ್ದವು. ಕೆಲಸವಿಲ್ಲದ ಕೈಗಳು.

ವಾಪಸ್ಸು ಬಂದಾಗ ಮಲ್ಲಪ್ಪ ಮನೆ ಬಾಗಿಲಲ್ಲಿ ಇವರನ್ನು ಇಳಿಸಿ, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾರನೇ ದಿನ, ಶುಭ ಶುಕ್ರವಾರ, ಬೆಳಿಗ್ಗೆ ಎದ್ದು ನೋಡಿದೆ. ಡ್ರಮ್ ಖಾಲಿ. ಬೈಕು ಇಲ್ಲ. ಪಕ್ಕದ ಬಾಗಿಲಿಗೆ ಬೀಗ. ರಂಗಮ್ಮನವರು ಹಲ್ಲುಜ್ಜುತ್ತಾ ಬಂದು, "ಏನ್ ಲೂರ್ದಮ್ಮ, ನಿನ್ ಆಳು ಕೆಲ್ಸ ಬುಟ್ಟೋದ್ನಾ?" ಅಂದರು. ಇವರು ಬಂದು ಬೀಗ ನೋಡಿದರು. "ಹೋಗ್ಲಿ ಬಿಡು. ನಾವು ಕಟ್ಟಿಹಾಕಕ್ಕಾಗುತ್ತಾ," ಅಂದು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ನಾನೇ ಕೊಡ ತಗೊಂಡು ರಸ್ತೆಯ ಆಚೆ ಕಡೆಯ ನಲ್ಲಿಗೆ ಹೋದೆ.

ಆವತ್ತು ನಮಗೆ ಉಪವಾಸ, ಮಧ್ಯಾಹ್ನ ಒಂದು ಹೊತ್ತು ಗಂಜಿ. ಹೆಸರುಕಾಳು ಹಾಕಿ ಗಂಜಿ ಕಾಯಿಸಿ ಇಳಿಸಿದ್ದೆ. ಮೂರು ಗಂಟೆಯ ಪ್ರಾರ್ಥನೆಗೆ ಚರ್ಚಿಗೆ ಹೊರಡಬೇಕಿತ್ತು. ಹೊರಗೆ ಬೈಕು ನಿಂತ ಸದ್ದಾಯಿತು. ಮಲ್ಲಪ್ಪ ಬಂದ. ಕೈಯಲ್ಲಿ ಏನೂ ಇರಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು, ಇವರ ಪಕ್ಕ ಚಾಪೆಯ ಮೇಲೆ ಕೂತ.

"ಮುಂಜಾನೆ ಬಸ್‌ಸ್ಟ್ಯಾಂಡಿಗೆ ಹೋಗಿದ್ವಿ," ಅಂದ. "ಬಸ್ಸು ಬಂತು. ಹತ್ತಲಿಲ್ಲ."

"ನಿಂಗಮ್ಮ?"

"ಸಾಲಿ ಟೀಚರಿಗೆ ಹೇಳಾಕ ಹೋಗ್ಯಾಳ, ಹುಡುಗಿ ಇಲ್ಲೇ ಓದ್ತದಂತ." ನನ್ನ ಕಡೆ ತಿರುಗಿದ. "ಏನ್ ಮಾಡೀರಿ ಯಕ್ಕಾ ಇವತ್ತ?"

"ಗಂಜಿ ಕಣಪ್ಪ."

"ನನಗೂ ಒಂದಿಷ್ಟ ಹಾಕ್ರಿ. ಹಸಿದೀನಿ."

ತಟ್ಟೆಗೆ ಹಾಕಿಕೊಟ್ಟೆ. ಇವರು ಎಡಗೈಯಲ್ಲಿ ಚಮಚ ಹಿಡಿದು, ಅವನು ಬಲಗೈಯಲ್ಲಿ ಕಲಸಿ, ಇಬ್ಬರೂ ಉಣ್ಣಲು ಶುರುಮಾಡಿದರು. ಅರ್ಧಕ್ಕೆ ಬಂದಾಗ ಮಲ್ಲಪ್ಪ, "ಉಪ್ಪು ಕಮ್ಮಿ ಆಗ್ಯದರಿ," ಅಂದ.

ಇವರು ಜೋರಾಗಿ ನಕ್ಕುಬಿಟ್ಟರು. ಶುಭ ಶುಕ್ರವಾರ ಸ್ವಾಮಿ ಪ್ರಾಣ ಬಿಟ್ಟ ದಿನ, ನಗಬಾರದು ಅಂತ ನಮ್ಮಮ್ಮ ಹೇಳುವರು. ನನಗೂ ತಡೆಯಲಾಗಲಿಲ್ಲ.

ಅವನು ನಮ್ಮ ಮತಕ್ಕೇನೂ ಬರಲಿಲ್ಲ. ಇವತ್ತಿಗೂ ಅವನ ಮನೆಯಲ್ಲಿ ಬಸವಣ್ಣನ ಫೋಟೋ ಇದೆ. ನೀರಿಗೆ ಈಗಲೂ ನಮ್ಮೆರಡು ಮನೆಗೂ ಒಮ್ಮೊಮ್ಮೆ ಜಗಳ ಆಗುತ್ತೆ, ಸಂಜೆಗೆ ಸರಿಹೋಗುತ್ತೆ. ಇವರಿಗೆ ಶಾಪಿನಲ್ಲಿ ಪೀಸು ಆರಿಸುವ ಕೆಲಸ ಕೊಟ್ಟರು. ಹೆಬ್ಬೆರಳು, ಕಿರುಬೆರಳು ಎರಡೇ ಸೇರಿಸಿ ಹಣೆ ಮುಟ್ಟಿ ಶಿಲುಬೆ ಗುರುತು ಹಾಕುತ್ತಾರೆ.

ಆವತ್ತು ಮಲ್ಲಪ್ಪ ಇನ್ನೊಂದು ಸಲ ಹಾಕಿಸಿಕೊಂಡು ಉಂಡು, ತಟ್ಟೆ ಅಲ್ಲೇ ಬಿಟ್ಟು, "ಶಿಫ್ಟಿಗೆ ಟೈಮ್ ಆತು," ಅಂದು ಎದ್ದು ಹೋದ. ನಾನು ಅವನ ತಟ್ಟೆಯನ್ನೂ ನಮ್ಮವುಗಳ ಜೊತೆ ಎತ್ತಿಕೊಂಡು, ಬೂದಿ ಹಾಕಿ ತಿಕ್ಕಲು ಕೂತೆ.